ಬೊಲ್ಶೆವಿಕರಿಲ್ಲದ ರಷ್ಯಾ: ಓದುಗರು ಕೇಳಿದ್ದು, ನಾವು ಹೇಳಿದ್ದು

1917ರಲ್ಲಿ ಅಧಿಕಾರ ಲೆನಿನ್‌ನ ಕಮ್ಯುನಿಸ್ಟ್ ಪಕ್ಷವಾದ ಬೊಲ್ಶೆವಿಕರ ಕೈಸೇರದೆ ಹೋಗಿದ್ದರೆ ಮೊದಲ ಮಹಾಯುದ್ಧದ ನಂತರದ ರಷ್ಯಾ ಹೇಗಿರುತ್ತಿತ್ತು? ಈ ವಿಷಯಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕತೆ, ಕಾದಂಬರಿ ಬರೆಯಹೊರಟವರವು. ಒಂದೆರಡು ಮೇಜಿನ ಮೇಲೆ ನಕ್ಷೆ ಹರಡಿ ಯುದ್ಧದಾಟ ಕಟ್ಟುವವರವು. ಉತ್ತರಗಳಲ್ಲಿರುವ ದಿನಾಂಕಗಳೆಲ್ಲ ನಾವು ಬಳಸುವ ಕ್ಯಾಲೆಂಡರಿನವು. ಆಗಿನ ರಷ್ಯಾದ ಜೂಲಿಯನ್ ಕ್ಯಾಲೆಂಡರ್ 13 ದಿನ ಹಿಂದೆ ಇತ್ತು. 'ಅಕ್ಟೋಬರ್ ಕ್ರಾಂತಿ' ನವೆಂಬರ್ 7ರಂದು ಬರುವುದು ಅದಕ್ಕೇ.

ಇತಿಹಾಸವನ್ನು ಯಾವ ದಿನ ತಿರುಗಿಸಬೇಕು? ಲೆನಿನ್ ಬಂದ ರೈಲನ್ನು ಜರ್ಮನಿಯಲ್ಲೇ ತಡೆದುಬಿಟ್ಟರೆ ಸಾಲದೆ? (ಧಾರವಾಡದಿಂದ ಒಬ್ಬ ವಿದ್ಯಾರ್ಥಿ)

ಸಾಲದು. ಬರುವ ಹಸ್ತಪ್ರತಿಗಳಲ್ಲಿ ಹತ್ತಕ್ಕೆ ಒಂಬತ್ತು ಎಡವುವುದು ಇಲ್ಲೇ. ಲೆನಿನ್ ಆಗಿನ ರಾಜಧಾನಿ ಪೆತ್ರೋಗ್ರಾದಿನಲ್ಲಿ ಇಳಿದದ್ದು 1917ರ ಏಪ್ರಿಲ್ 16ರಂದು. ಅದಕ್ಕೆ ಒಂದು ತಿಂಗಳು ಮೊದಲೇ, ಮಾರ್ಚ್ 14ರಂದು, ಕಾರ್ಮಿಕರ, ಸೈನಿಕರ ಪ್ರತಿನಿಧಿಗಳ ಮಂಡಳಿಯಾದ ಸೋವಿಯತ್ತಿನ ಒಂದನೇ ಆದೇಶ ಹೊರಬಿದ್ದು ಸೇನೆಯ ತುಕಡಿ ತುಕಡಿಯಲ್ಲೂ ಸೈನಿಕರ ಸಮಿತಿಗಳು ಹುಟ್ಟಿಕೊಂಡಿದ್ದವು. ಹಳ್ಳಿಗಳಲ್ಲಿ ಜಮೀನ್ದಾರರ ಹೊಲಕ್ಕೆ ರೈತರು ಆಗಲೇ ಕೈಹಾಕಿದ್ದರು. ಇವೆರಡನ್ನೂ ಲೆನಿನ್ ಮಾಡಿಸಿದ್ದಲ್ಲ. ಅವನು ಬರದಿದ್ದರೆ ಕಾಮೆನೆವ್ ಮತ್ತು ಸ್ಟಾಲಿನ್ ಕೈಯಲ್ಲಿದ್ದ ಪಕ್ಷ ಇನ್ನಷ್ಟು ಸೌಮ್ಯವಾಗಿರುತ್ತಿತ್ತು, ನಿಜ. ಆದರೆ ಯುದ್ಧ ಮತ್ತು ಭೂಮಿ, ಈ ಎರಡು ಗಂಟು ಬಿಚ್ಚದ, ತ್ಸಾರ್ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರವನ್ನು ಬೇರೆ ಯಾರಾದರೂ ಕೆಡವುತ್ತಿದ್ದರು. ಖಳನಾಯಕನನ್ನು ಕತೆಯಿಂದ ತೆಗೆದರೆ ಸಾಲದು, ಸರ್ಕಾರದ ತೀರ್ಮಾನ ಬದಲಾಗಬೇಕು.

ನಮ್ಮ ಆಯ್ಕೆ ಎರಡು ಬದಲಾವಣೆಗಳ ಜೋಡಿ. ಒಂದು, ಜುಲೈ 1ರಂದು ಆಸ್ಟ್ರಿಯಾದ ಗಲೀಶಿಯಾದಲ್ಲಿ ಶುರುವಾದ ದಾಳಿಯನ್ನು ರದ್ದು ಮಾಡಿ. ಯುದ್ಧಮಂತ್ರಿ ಕೆರೆನ್‌ಸ್ಕಿ ತಾನೇ ರಣರಂಗ ಸುತ್ತಿ ಭಾಷಣ ಮಾಡಿ ಹೊರಡಿಸಿದ ಈ ದಾಳಿ ಕೆಲವೇ ವಾರಗಳಲ್ಲಿ ಕುಸಿಯಿತು. ಸೇನೆಯಲ್ಲಿ ಉಳಿದಿದ್ದ ಶಿಸ್ತೂ ಅದರ ಜೊತೆ ಹೋಯಿತು. ಅದಿಲ್ಲದಿದ್ದರೆ ಜುಲೈ ಮಧ್ಯದ ಪೆತ್ರೋಗ್ರಾದ್ ದಂಗೆಗೆ ಅಷ್ಟು ಕಾವು ಬರುತ್ತಿರಲಿಲ್ಲ, ಸೆಪ್ಟೆಂಬರಿನಲ್ಲಿ ಜನರಲ್ ಕೊರ್ನಿಲೋವ್ ರಾಜಧಾನಿಯ ಕಡೆ ಪಡೆ ಕಳಿಸುವ ಪ್ರಸಂಗವೂ ಬರುತ್ತಿರಲಿಲ್ಲ.

ಎರಡು, ಸಂವಿಧಾನ ಸಭೆಯ ಚುನಾವಣೆಯನ್ನು ಮೊದಲು ಗೊತ್ತುಮಾಡಿದ್ದ ದಿನವೇ, ಅಂದರೆ ಸೆಪ್ಟೆಂಬರ್ 30ರಂದೇ ನಡೆಸಿ. ನಿಜದಲ್ಲಿ ಅದು ನವೆಂಬರ್ 25ಕ್ಕೆ ಮುಂದೆ ಹೋಯಿತು. ಅಷ್ಟರಲ್ಲಿ ಬೊಲ್ಶೆವಿಕರು ಅಧಿಕಾರಕ್ಕೆ ಬಂದು ಎರಡೂವರೆ ವಾರವಾಗಿತ್ತು. ಆದರೆ ದಿನಾಂಕ ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮತದಾರರ ಪಟ್ಟಿ ಮಾಡಬೇಕಾದದ್ದು ಹಳ್ಳಿಮಟ್ಟದ ಸ್ಥಳೀಯ ಸಂಸ್ಥೆಗಳು. ಅವೇ ಆಗಿನ್ನೂ ಚುನಾಯಿತವಾಗುತ್ತಿದ್ದವು. ಚುನಾವಣಾ ಕಾನೂನು ಬರೆಯುವ ಸಮಿತಿ ಕೂತದ್ದೇ ಜೂನ್ ಆರಂಭದಲ್ಲಿ. ಹಾಗಾಗಿ ನಿಮ್ಮ ಕತೆಯಲ್ಲಿ ಆ ಸಮಿತಿ ಮಾರ್ಚಿನಲ್ಲೇ ಕೂರಬೇಕು, ಆಗಿನ ಕಾನೂನುಪಂಡಿತರ ಪರಿಪೂರ್ಣತೆಯ ಹಟವನ್ನು ಯಾರಾದರೂ ಮುರಿಯಬೇಕು. ಒಂದೊಳ್ಳೆ ಅಧ್ಯಾಯಕ್ಕೆ ಇಷ್ಟು ಸಾಕು.

ಸಭೆ ಸೇರಿದರೂ ಉಳಿಯುತ್ತಿತ್ತೆ? (ಮೈಸೂರಿನ ಓದುಗರು)

ನಿಜವಾಗಿ ನಡೆದ ಚುನಾವಣೆಯ ಅಂಕಿಗಳಿಂದ ಶುರುಮಾಡೋಣ. ನಾಲ್ಕು ಕೋಟಿಗೂ ಹೆಚ್ಚು ಮತ ಬಿದ್ದವು. ರೈತರ ಪಕ್ಷವೆನಿಸಿದ್ದ ಸಮಾಜವಾದಿ ಕ್ರಾಂತಿಕಾರಿಗಳಿಗೆ (ಎಸ್.ಆರ್.) ಶೇ 40ರ ಆಸುಪಾಸು, ಬೊಲ್ಶೆವಿಕರಿಗೆ ಶೇ 24ರಷ್ಟು, ಉದಾರವಾದಿ ಕಡೆಟ್ ಪಕ್ಷಕ್ಕೆ ಶೇ 5ಕ್ಕೂ ಕಡಿಮೆ. ಕಾಗದದ ಮೇಲೆ ಎಸ್.ಆರ್. ಗೆಲುವು ನಿಚ್ಚಳ. ಆದರೆ ಮತ ಎಲ್ಲಿ ಬಿತ್ತು ನೋಡಿ. ಎಸ್.ಆರ್. ಬಲ ಇದ್ದದ್ದು ವೋಲ್ಗಾ ಬಯಲು, ಕಪ್ಪುಮಣ್ಣಿನ ಸೀಮೆ, ಸೈಬೀರಿಯಾದಲ್ಲಿ. ಬೊಲ್ಶೆವಿಕರ ಬಲ ಪೆತ್ರೋಗ್ರಾದ್, ಮಾಸ್ಕೋ ಮತ್ತು ಈ ಎರಡೂ ನಗರಗಳಿಗೆ ಹತ್ತಿರದ ಉತ್ತರ ಮತ್ತು ಪಶ್ಚಿಮ ರಣರಂಗಗಳಲ್ಲಿ. ಬಂದೂಕು, ತಂತಿಕಚೇರಿ, ರೈಲು ಜಂಕ್ಷನ್ ಇದ್ದದ್ದೂ ಅಲ್ಲೇ.

1918ರ ಜನವರಿ 18ರಂದು ತಾವ್ರಿಚೆಸ್ಕಿ ಅರಮನೆಯಲ್ಲಿ ಸಭೆ ಸೇರಿತು. ಎಸ್.ಆರ್. ನಾಯಕ ವಿಕ್ತೊರ್ ಚೆರ್ನೋವ್ ಅಧ್ಯಕ್ಷರಾದರು. ಬೆಳಗಿನ ಜಾವ, ಕಾವಲಿನವರಿಗೆ ದಣಿವಾಗಿದೆ ಎಂದು ನಾವಿಕ ಜೆಲೆಜ್ನ್ಯಕೋವ್ ಸಭೆ ಮುಗಿಸಿಸಿದ. ಮರುದಿನ ಬಾಗಿಲಿಗೆ ಬೀಗ. ಸಭೆ ಸೇರಿದ ದಿನವೇ ಅದರ ಪರ ಮೆರವಣಿಗೆ ಬಂದವರ ಮೇಲೆ ಗುಂಡು ಹಾರಿತ್ತು. ಸಭೆಗಾಗಿ ಪ್ರಾಣ ಕೊಡುವ ಒಂದು ರೆಜಿಮೆಂಟೂ ಇರಲಿಲ್ಲ.

ಸೆಪ್ಟೆಂಬರಿನ ಚುನಾವಣೆ ಇದನ್ನು ಎಷ್ಟು ಬದಲಿಸುತ್ತಿತ್ತು ಎಂಬುದಕ್ಕೆ ಮಾಸ್ಕೋ ನಗರದ ಲೆಕ್ಕವೇ ಸಾಕ್ಷಿ. ಜುಲೈ ಆರಂಭದ ನಗರಸಭೆ ಚುನಾವಣೆಯಲ್ಲಿ ಎಸ್.ಆರ್. ಶೇ 58, ಬೊಲ್ಶೆವಿಕ್ ಶೇ 12ರ ಹತ್ತಿರ. ಮೂರೇ ತಿಂಗಳಲ್ಲಿ, ಕೊರ್ನಿಲೋವ್ ಪ್ರಸಂಗ ಮುಗಿದ ಮೇಲೆ ನಡೆದ ಬಡಾವಣೆ ಚುನಾವಣೆಯಲ್ಲಿ ಬೊಲ್ಶೆವಿಕ್ ಶೇ 51, ಎಸ್.ಆರ್. ಶೇ 14ಕ್ಕೆ ಇಳಿದಿತ್ತು. ಜುಲೈ ದಾಳಿಯೂ ಕೊರ್ನಿಲೋವ್ ಸಾಹಸವೂ ಇಲ್ಲದ ಸೆಪ್ಟೆಂಬರಿನಲ್ಲಿ ನಗರಗಳೂ ಎಸ್.ಆರ್. ಕೈಯಲ್ಲೇ ಉಳಿದಿರುತ್ತಿದ್ದವು ಎನ್ನುವುದು ದುಡುಕಿನ ಊಹೆಯೇನಲ್ಲ.

ಒಂದು ಎಚ್ಚರಿಕೆ. ಎಸ್.ಆರ್. ಒಂದೇ ಪಕ್ಷ ಎಂದು ಬರೆಯಬೇಡಿ. ಎಡ, ಬಲ ಬಣಗಳು ಒಡೆದದ್ದು ಅಭ್ಯರ್ಥಿಗಳ ಪಟ್ಟಿ ತಯಾರಾದ ಮೇಲೆ; ಉಕ್ರೇನಿನ ಎಸ್.ಆರ್.ಗಳದು ಬೇರೆಯೇ ದಾರಿ. ಬಹುಮತ ಸಿಕ್ಕ ವಾರದಲ್ಲೇ ಭೂಮಿಯ ವಿಷಯಕ್ಕೆ ಒಳಜಗಳ ಶುರುವಾಗುತ್ತಿತ್ತು.

ಭೂಮಿಯನ್ನು ರೈತರಿಗೆ ಹಂಚಿಬಿಟ್ಟರೆ ಎಲ್ಲ ಸರಿಹೋಗುತ್ತಿತ್ತಲ್ಲ? ಲೆಕ್ಕ ಬೇಕು. (ಮಂಡ್ಯದಿಂದ ಒಬ್ಬ ಕೃಷಿಕರು)

ಲೆಕ್ಕವೇ ಬೇಕು, ಭಾಷಣವಲ್ಲ. ಆಗಿನ ಅಳತೆ ದೆಸ್ಯಾತಿನಾ, ಒಂದಕ್ಕೆ 1.09 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 2.7 ಎಕರೆ. ಐರೋಪ್ಯ ರಷ್ಯಾದ 1905ರ ಭೂಸಮೀಕ್ಷೆಯ ಪ್ರಕಾರ ಕುಲೀನರ ಖಾಸಗಿ ಭೂಮಿ 5.3 ಕೋಟಿ ದೆಸ್ಯಾತಿನಾ. ರೈತ ಸಮುದಾಯಗಳ ಪಾಲಿನದು ಸುಮಾರು 13.9 ಕೋಟಿ. ರೈತ ಕುಟುಂಬಗಳು 1.2 ಕೋಟಿಗೂ ಹೆಚ್ಚು. ಕುಲೀನರ ಅಷ್ಟೂ ಭೂಮಿ ಹಂಚಿದರೆ ಮನೆಗೆ ನಾಲ್ಕು ದೆಸ್ಯಾತಿನಾದ ಚಿಲ್ಲರೆ ಬರಬೇಕು. ಆದರೆ ಅದರಲ್ಲಿ ಕಾಡು ಬಹಳ. ಉಳುವ ನೆಲದಲ್ಲಿ ದೊಡ್ಡ ಪಾಲನ್ನು ರೈತರೇ ಗೇಣಿಗೆ ಮಾಡುತ್ತಿದ್ದರು. 1914ರ ಹೊತ್ತಿಗೆ ಎಷ್ಟೋ ಎಸ್ಟೇಟುಗಳು ಮಾರಾಟವಾಗಿ ಆಗಲೇ ರೈತರ ಕೈಸೇರಿದ್ದವು. ಹೊಸದಾಗಿ ದಕ್ಕುವ ಉಳುಮೆಯ ನೆಲ ಒಂದೆರಡು ದೆಸ್ಯಾತಿನಾ, ಜೊತೆಗೆ ಗೇಣಿಯ ಉಳಿತಾಯ. ರೈತನ ಸಿಟ್ಟು ಇಳಿಯಲು ಅಷ್ಟು ಸಾಕು, ಬಡತನ ನೀಗಲು ಸಾಲದು.

ಯಾರೂ ಬರೆಯದ ತೊಡಕು ಬ್ಯಾಂಕುಗಳದು. ಕುಲೀನರ ಎಸ್ಟೇಟುಗಳಲ್ಲಿ ಬಹಳಷ್ಟು ಅಡಮಾನದಲ್ಲಿದ್ದವು: 1885ರಲ್ಲಿ ಹುಟ್ಟಿದ ಕುಲೀನರ ಭೂ ಬ್ಯಾಂಕಿನಲ್ಲಿ, ಖಾಸಗಿ ಭೂ ಬ್ಯಾಂಕುಗಳಲ್ಲಿ. ಪರಿಹಾರ ಕೊಡದೆ ಕಿತ್ತುಕೊಂಡರೆ ಅಡಮಾನಪತ್ರಗಳು ರದ್ದಿಯಾಗುತ್ತವೆ, ಅವನ್ನು ಕೊಂಡಿಟ್ಟ ನಗರದ ಉಳಿತಾಯಗಾರರು ಮುಳುಗುತ್ತಾರೆ. ಪರಿಹಾರ ಕೊಡೋಣವೆಂದರೆ ಖಜಾನೆ ಖಾಲಿ, ನೋಟು ಅಚ್ಚುಹಾಕಬೇಕು. ಕಡೆಟ್ ಸಚಿವರು ಪರಿಹಾರಕ್ಕೆ ಪಟ್ಟು ಹಿಡಿದದ್ದು, ಸಮಾಜವಾದಿಗಳು ಸಂವಿಧಾನ ಸಭೆ ಬರಲಿ ಎಂದು ಮುಂದೂಡಿದ್ದು ಈ ಇಕ್ಕಟ್ಟಿನಲ್ಲೇ. ಕತೆಯಲ್ಲಿ ನಡೆಯಬಹುದಾದ ದಾರಿ ಹೀಗಿದೆ: ಏಪ್ರಿಲಿನಲ್ಲೇ ಭೂಮಿಯ ಮಾರಾಟ ಮತ್ತು ಅಡಮಾನ ನಿಲ್ಲಿಸುವ ಕಾನೂನು, ಬೇಸಿಗೆ ಉಳುಮೆಗೆ ಎಸ್ಟೇಟಿನ ಹೊಲಗಳನ್ನು ಸ್ಥಳೀಯ ಭೂ ಸಮಿತಿಗಳಿಗೆ ಒಪ್ಪಿಸುವುದು, ಸಾಲವನ್ನು ಸರ್ಕಾರ ವಹಿಸಿಕೊಂಡು ಬಹುಕಾಲದ ಬಾಂಡ್ ಕೊಡುವುದು. ಮುಖ್ಯವಾದದ್ದು, ರಣರಂಗದಲ್ಲಿದ್ದವರ ಪಾಲು ಕಾಯ್ದಿಡುತ್ತೇವೆ ಎಂಬ ಲಿಖಿತ ಭರವಸೆ. ಅದಿಲ್ಲದೆ ಹಂಚಿಕೆ ಶುರುವಾಯಿತೋ, ತನ್ನ ಪಾಲು ತಪ್ಪೀತೆಂದು ಕಂದಕದಲ್ಲಿರುವ ರೈತಸೈನಿಕ ಆ ರಾತ್ರಿಯೇ ಊರಿನ ರೈಲು ಹತ್ತುತ್ತಾನೆ.

ಯುದ್ಧದಿಂದ ಹೊರಬರುವುದು ಹೇಗೆ? ಕೆರೆನ್‌ಸ್ಕಿ ತಾನೇ ಜರ್ಮನಿಯ ಜೊತೆ ಸಂಧಿ ಮಾಡಿಕೊಳ್ಳಬಹುದಿತ್ತಲ್ಲ? (ಶಿವಮೊಗ್ಗ)

ಮಾಡಿಕೊಂಡಿದ್ದರೆ ಸಾಲದ ಬಾಗಿಲು ಮುಚ್ಚುತ್ತಿತ್ತು. ರಷ್ಯಾ ಬ್ರಿಟನ್ ಮತ್ತು ಫ್ರಾನ್ಸಿನ ಹಣದ ಮೇಲೆ ಯುದ್ಧ ನಡೆಸುತ್ತಿತ್ತು. ಜರ್ಮನಿಯ ಷರತ್ತೂ ಸುಲಭದ್ದಿರುತ್ತಿರಲಿಲ್ಲ. 1918ರ ಮಾರ್ಚ್ 3ರ ಬ್ರೆಸ್ಟ್-ಲಿತೋವ್‌ಸ್ಕ್ ಒಪ್ಪಂದ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗವನ್ನೂ ಕಲ್ಲಿದ್ದಲು ಗಣಿಗಳ ಬಹುಪಾಲನ್ನೂ ಕಿತ್ತುಕೊಂಡಿತು.

ದಾಳಿಯೂ ಇಲ್ಲ, ಸಂಧಿಯೂ ಇಲ್ಲ, ಕಂದಕದಲ್ಲಿ ಕುಳಿತು ಕಾಯುವುದು: ಒಪ್ಪಬಹುದಾದ ದಾರಿ ಇದೊಂದೇ. ವಯಸ್ಸಾದ ವರ್ಗಗಳನ್ನು ಕಂತಿನಲ್ಲಿ ಮನೆಗೆ ಕಳಿಸಿದರೆ ಊಟದ ಹೊರೆ ಇಳಿಯುತ್ತದೆ, ಹಳ್ಳಿಗೆ ಆಳು ಸಿಗುತ್ತಾರೆ. ಬಾಲ್ಟಿಕ್ ಬಂದರು ರೀಗಾ ಬಹುಶಃ ಹಾಗೂ ಬೀಳುತ್ತಿತ್ತು, ಅದನ್ನು ಉಳಿಸಲು ಹೋಗಬೇಡಿ. ಲಾಭ ಕಾಣುವುದು 1918ರಲ್ಲಿ. ಪೂರ್ವದಿಂದ ಅಷ್ಟೊಂದು ಡಿವಿಜನ್ ಬಿಡಿಸಿಕೊಳ್ಳಲಾಗದ ಜರ್ಮನ್ ಜನರಲ್ ಲುಡೆನ್‌ಡಾರ್ಫ್ ಫ್ರಾನ್ಸಿನಲ್ಲಿ ವಸಂತದ ಮಹಾದಾಳಿ ಮಾಡಲಾರ, ರಷ್ಯಾ ಗೆದ್ದವರ ಸಾಲಿನಲ್ಲಿ ಪ್ಯಾರಿಸ್ಸಿನಲ್ಲಿ ಕೂರುತ್ತದೆ. ನಿಜದ ವರ್ಸೈಲ್ಸ್ ಒಪ್ಪಂದದ 116ನೇ ವಿಧಿ ಕೂಡ ಜರ್ಮನಿಯಿಂದ ಪರಿಹಾರ ಪಡೆಯುವ ರಷ್ಯಾದ ಹಕ್ಕನ್ನು ಕಾಯ್ದಿಟ್ಟಿತ್ತು, ಕೇಳುವವರೇ ಇರಲಿಲ್ಲ.

ಕಾನ್‌ಸ್ಟಾಂಟಿನೋಪಲ್ ಮೇಲೆ ರಷ್ಯದ ಬಾವುಟ ಹಾರಿಸುವ ಆಸೆ ಬಿಡಿ. 1915ರಲ್ಲಿ ಮಿತ್ರರು ಮಾತು ಕೊಟ್ಟಿದ್ದರು, ಸರಿ. ಆದರೆ ಪರರ ನೆಲ ಬೇಡವೆಂದು ತಾತ್ಕಾಲಿಕ ಸರ್ಕಾರ 1917ರ ಏಪ್ರಿಲಿನಲ್ಲೇ ಸಾರಿತು. ಹಳೆಯ ಒಪ್ಪಂದಗಳಿಗೆ ಅಂಟಿಕೊಂಡ ವಿದೇಶಾಂಗ ಸಚಿವ ಮಿಲ್ಯುಕೋವ್ ಮೇ ತಿಂಗಳಲ್ಲಿ ಕುರ್ಚಿ ಬಿಡಬೇಕಾಯಿತು.

ರೂಬಲ್ ಕತೆ ಏನು? (ಹುಬ್ಬಳ್ಳಿ)

ಕೆಟ್ಟದ್ದೇ. ಚಲಾವಣೆಯಲ್ಲಿದ್ದ ನೋಟು 1914ರಲ್ಲಿ ಸುಮಾರು 160 ಕೋಟಿ ರೂಬಲ್. 1917ರ ಮಾರ್ಚಿನಲ್ಲಿ ಸಾವಿರ ಕೋಟಿಯ ಹತ್ತಿರ. ಅಕ್ಟೋಬರಿನಲ್ಲಿ ಅದರ ಇಮ್ಮಡಿಯ ಆಸುಪಾಸು. ವೋಡ್ಕಾದ ಏಕಸ್ವಾಮ್ಯ ಖಜಾನೆಯ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ತುಂಬುತ್ತಿತ್ತು. ಯುದ್ಧ ಶುರುವಾದಾಗ ತ್ಸಾರ್ ಅದನ್ನೇ ನಿಲ್ಲಿಸಿದ್ದ. ಹೊಸ ಸರ್ಕಾರ ಮೊದಲು ತೆರೆಯಬೇಕಾದದ್ದು ಹೆಂಡದಂಗಡಿ. ಯಾವ ಆದರ್ಶವಾದಿ ಮಂತ್ರಿಯೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೆರೆನ್‌ಸ್ಕಿ ಸರ್ಕಾರದ 20, 40 ರೂಬಲ್‌ನ 'ಕೆರೆಂಕಿ' ನೋಟುಗಳನ್ನು ಕತ್ತರಿಸದ ಹಾಳೆಗಳಲ್ಲೇ ಕೊಡುತ್ತಿದ್ದರು, ಅಂಗಡಿಯವನು ಕತ್ತರಿಯಲ್ಲಿ ಬಿಡಿಸಿಕೊಳ್ಳುತ್ತಿದ್ದ. ಇಂಥ ವಿವರ ಕತೆಗೆ ಬಹಳ ಉಪಕಾರಿ.

ಧಾನ್ಯವನ್ನು ಕಡ್ಡಾಯವಾಗಿ ವಸೂಲು ಮಾಡುವುದನ್ನು ಬೊಲ್ಶೆವಿಕರು ಕಂಡುಹಿಡಿದರು ಎಂದೂ ಬರೆಯಬೇಡಿ. ಕೋಟಾ ಪದ್ಧತಿ ಬಂದದ್ದು 1916ರ ಕೊನೆಗೆ, ತ್ಸಾರನ ಮಂತ್ರಿಯಿಂದ. ಸರ್ಕಾರಿ ಏಕಸ್ವಾಮ್ಯ ಸಾರಿದ್ದು 1917ರ ಏಪ್ರಿಲಿನಲ್ಲಿ, ತಾತ್ಕಾಲಿಕ ಸರ್ಕಾರ. ಕೊಳ್ಳಲು ಬಟ್ಟೆ, ಮೊಳೆ, ಸೀಮೆಎಣ್ಣೆ ಇಲ್ಲದಾಗ ರೈತ ಕಾಗದಕ್ಕೆ ಧಾನ್ಯ ಮಾರುವುದಿಲ್ಲ. ಯಾವ ಪಕ್ಷ ಬಂದರೂ ಈ ಕಷ್ಟ ತಪ್ಪಿದ್ದಲ್ಲ.

1919ರಲ್ಲಿ ಬಿಳಿ ಸೇನೆ ಮಾಸ್ಕೋ ಹಿಡಿದಿದ್ದರೆ? ನನ್ನ ಆಟದಲ್ಲಿ ಯಾವ ಕಡೆ ಆಡಿದರೂ ಬಿಳಿಯರು ಸೋಲುತ್ತಿದ್ದಾರೆ. (ಬೆಂಗಳೂರಿನ ಯುದ್ಧದಾಟಪ್ರಿಯರು)

ಹಾಗಾದರೆ ನಿಮ್ಮ ಆಟ ಸರಿಯಾಗಿಯೇ ಇದೆ. ಅಂತರ್ಯುದ್ಧದಲ್ಲಿ ಬೊಲ್ಶೆವಿಕರ ವಿರುದ್ಧ ಹೋರಾಡಿದ ಬಿಳಿ ಸೇನಾನಿಗಳಲ್ಲಿ ಕೊಲ್ಚಾಕ್ ಸೈಬೀರಿಯಾದಿಂದ ನುಗ್ಗಿದ್ದು 1919ರ ಮಾರ್ಚಿನಲ್ಲಿ. ಏಪ್ರಿಲ್ ಕೊನೆಗೆ ವೋಲ್ಗಾದ ಸಮೀಪ. ದೆನಿಕಿನ್ ದಕ್ಷಿಣದಿಂದ ಮಾಸ್ಕೋ ಗುರಿಯ ಆದೇಶ ಹೊರಡಿಸಿದ್ದು ಜುಲೈ 3ರಂದು. ಅಷ್ಟರಲ್ಲಿ ಕೊಲ್ಚಾಕ್ ಉರಲ್ ಬೆಟ್ಟಗಳ ಕಡೆ ಹಿಮ್ಮೆಟ್ಟುತ್ತಿದ್ದ. ದೆನಿಕಿನ್ ಪಡೆ ಒರ್ಯೋಲ್ ಮುಟ್ಟಿದ್ದೂ ಯುದೆನಿಚ್ ಪೆತ್ರೋಗ್ರಾದಿನ ಅಂಚಿಗೆ ಬಂದದ್ದೂ ಅಕ್ಟೋಬರ್ ಮಧ್ಯದಲ್ಲಿ. ಮೂರು ಪೆಟ್ಟೂ ಒಂದೇ ತಿಂಗಳಲ್ಲಿ ಬೀಳಲಿಲ್ಲ. ಬೊಲ್ಶೆವಿಕರ ಕೆಂಪು ಸೇನೆ ನಡುವೆ ಇತ್ತು. ಮಾಸ್ಕೋದಿಂದ ಎಲ್ಲ ದಿಕ್ಕಿಗೂ ರೈಲುಮಾರ್ಗ ಇದ್ದುದರಿಂದ ಒಂದು ರಂಗದ ಡಿವಿಜನ್ನುಗಳನ್ನು ಕೆಲವು ವಾರಗಳಲ್ಲಿ ಇನ್ನೊಂದಕ್ಕೆ ಸಾಗಿಸಬಲ್ಲದು. ಬಿಳಿಯರ ದಕ್ಷಿಣ ಸೇನೆಗೂ ಸೈಬೀರಿಯಾ ಸೇನೆಗೂ ನೇರ ಸಂಪರ್ಕವೇ ಇರಲಿಲ್ಲ.

ಬಿಳಿಯರನ್ನು ಗೆಲ್ಲಿಸಲೇಬೇಕೆಂದರೆ ಮೂರು ನಿಯಮ ತಿದ್ದಿ. ಕೊಲ್ಚಾಕ್ ದಾಳಿಯನ್ನು ಬೇಸಿಗೆಯ ಕೊನೆಗೆ ತನ್ನಿ. ವಸಂತದ ಕೆಸರೂ ತಪ್ಪುತ್ತದೆ. ಫಿನ್ಲೆಂಡ್, ಎಸ್ಟೋನಿಯಾಗಳ ಸ್ವಾತಂತ್ರ್ಯ ಒಪ್ಪಿಕೊಳ್ಳುವ ಚೀಟಿ ಕೊಡಿ. ಅದಿಲ್ಲದೆ ಹೆಲ್ಸಿಂಕಿ ಪಡೆ ಕಳಿಸುವುದಿಲ್ಲ. ಕೊಲ್ಚಾಕ್ ನಿಜದಲ್ಲಿ ಒಪ್ಪಲಿಲ್ಲ. ಪಿಲ್ಸುಡ್‌ಸ್ಕಿಯ ಪೋಲೆಂಡ್ ಕೂಡ ಆ ಶರತ್ಕಾಲದಲ್ಲಿ ಬೇಕೆಂದೇ ಸುಮ್ಮನಿತ್ತು, 'ಒಂದೇ ಅವಿಭಾಜ್ಯ ರಷ್ಯಾ' ಎನ್ನುವವರು ಗೆದ್ದರೆ ಅದಕ್ಕೇನು ಲಾಭ? ಮೂರನೆಯದು ಮತ್ತೆ ಭೂಮಿ. ದೆನಿಕಿನ್ ಸೇನೆಯ ಹಿಂದೆಯೇ ಜಮೀನ್ದಾರರು ಹಳ್ಳಿಗೆ ಮರಳಿದರು. ಸೆಪ್ಟೆಂಬರ್ ಕೊನೆಗೆ ಪೆರೆಗೊನೋವ್ಕಾದಲ್ಲಿ ಮುತ್ತಿಗೆ ಮುರಿದ, ಉಕ್ರೇನಿನ ಅರಾಜಕತಾವಾದಿ ಮಾಖ್ನೋನ ರೈತಪಡೆ ಅಜೋವ್ ಕರಾವಳಿಯ ಸರಬರಾಜು ನೆಲೆಗಳಿಗೇ ನುಗ್ಗಿತು. ಒರ್ಯೋಲ್ ಬಳಿ ಬೇಕಿದ್ದ ತುಕಡಿಗಳು ಅವನ ಬೆನ್ನಟ್ಟಿ ಹೋದವು.

ಗೆದ್ದರೂ ಸಿಗುವುದು ಪ್ರಜಾಪ್ರಭುತ್ವವಲ್ಲ, ಸೇನಾಧಿಪತ್ಯ. 1919ರಲ್ಲಿ ಉಕ್ರೇನಿನ ಯಹೂದಿ ಊರುಗಳಲ್ಲಿ ನಡೆದ ಕಗ್ಗೊಲೆಗಳಲ್ಲಿ ದೆನಿಕಿನ್ ಸೈನಿಕರ ಕೈಯೂ ಇತ್ತು. ಬಿಳಿ ಕುದುರೆ, ಬಿಳಿ ಸಮವಸ್ತ್ರ ಎಂದು ಸಿಂಗರಿಸುವವರು ಇದನ್ನು ಬಿಟ್ಟು ಬರೆಯುವುದು ನಮಗೆ ಒಪ್ಪಿಗೆಯಿಲ್ಲ.

1921ರ ಬರಗಾಲವನ್ನು ತೆಗೆದುಹಾಕಬಹುದೆ? (ಬಳ್ಳಾರಿ)

ಬರ ತೆಗೆಯಲಾಗದು, ಮಳೆಗೆ ರಾಜಕೀಯ ಗೊತ್ತಿಲ್ಲ. ಸಾವಿನ ಸಂಖ್ಯೆ ತಗ್ಗಿಸಬಹುದು. 1891-92ರ ಬರದಲ್ಲಿ ಸತ್ತವರು ಸುಮಾರು 4 ಲಕ್ಷ, ಅವರಲ್ಲೂ ಹೆಚ್ಚಿನವರು ಕಾಲರಾ, ಟೈಫಸ್ಸಿನಿಂದ. 1921-22ರಲ್ಲಿ ಸುಮಾರು 50 ಲಕ್ಷ. ಏಳು ವರ್ಷದ ಯುದ್ಧ, ಬಿತ್ತನೆ ಬೀಜವನ್ನೂ ಬಿಡದ ವಸೂಲಿ, ಕುಗ್ಗಿದ ಬಿತ್ತನೆ ಪ್ರದೇಶ, ಕೆಟ್ಟುನಿಂತ ಎಂಜಿನ್ನುಗಳು, ಇವೆಲ್ಲ ಸೇರಿ ಹೀಗಾಯಿತು. ಹೂವರ್ ನಡೆಸಿದ ಅಮೆರಿಕದ ಪರಿಹಾರ ಸಂಸ್ಥೆ 1922ರ ಬೇಸಿಗೆಯಲ್ಲಿ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನರಿಗೆ ಊಟ ಕೊಡುತ್ತಿತ್ತು. ನಿಮ್ಮ ಕತೆಯ ಸರ್ಕಾರಕ್ಕೆ ಗಡುವು ಎರಡು: ಚಳಿಗಾಲದ ರೈ ಬಿತ್ತಲು ಬೀಜ ಆಗಸ್ಟ್ ಒಳಗೆ ಹಳ್ಳಿ ಸೇರಬೇಕು, ವಸಂತದ ಗೋಧಿಗೆ ಹಿಮ ಕರಗುವ ಮುನ್ನ. ಕೆಸರು ಶುರುವಾದ ಮೇಲೆ ಸ್ಟೇಷನ್ನಿನಿಂದ ಹಳ್ಳಿಗೆ ಬಂಡಿ ಹೋಗದು.

ಊರಿನ ಹೆಸರು, ಅಂಗಡಿ ಫಲಕ, ಬಾವುಟ? (ಉಡುಪಿ)

ಪೆತ್ರೋಗ್ರಾದ್ ಹಾಗೇ ಉಳಿಯುತ್ತದೆ. ತ್ಸಾರಿತ್ಸಿನ್, ಎಕತೆರಿನ್‌ಬುರ್ಗ್, ಸಮಾರಾ, ತ್ವೇರ್ ಕೂಡ. ನೊವೊಸಿಬಿರ್‌ಸ್ಕ್ ಅಲ್ಲ, ನೊವೊನಿಕೊಲಾಯೆವ್‌ಸ್ಕ್. ಗಣರಾಜ್ಯವಾದ ಮೇಲೆ ತ್ಸಾರನ ಹೆಸರು ಬೇಡವೆಂದು ಬದಲಿಸಬಹುದು, ರೊಮಾನೊವ್-ನ-ಮುರ್ಮಾನೆ 1917ರಲ್ಲೇ ಮುರ್ಮಾನ್‌ಸ್ಕ್ ಆಗಿತ್ತಲ್ಲ. ಸೋವಿಯತ್ ಕಾಲದಲ್ಲಿ ಹುಟ್ಟಿದ ಮಗದಾನ್ ನಗರ ಬೇಡ. ಬಿಳಿ-ನೀಲಿ-ಕೆಂಪು ಬಾವುಟ, ಕಿರೀಟ ಕಳಚಿದ ಎರಡು ತಲೆಯ ಹದ್ದು.

ಫಲಕಗಳಲ್ಲಿ ಹಳೆಯ ಅಕ್ಷರ ಬರೆಯಿಸಿ 'ಕ್ರಾಂತಿ ಆಗಲಿಲ್ಲ' ಎಂದು ಸೂಚಿಸುವುದು ಚಿತ್ರಕಾರರ ಚಾಳಿ. ಅದು ತಪ್ಪು. ಕಾಗುಣಿತ ಸುಧಾರಣೆ ವಿಜ್ಞಾನ ಅಕಾಡೆಮಿಯ ಕೆಲಸ, ತಾತ್ಕಾಲಿಕ ಸರ್ಕಾರವೇ 1917ರ ಮೇ ತಿಂಗಳಲ್ಲಿ ಶಾಲೆಗಳಿಗೆ ಕಳಿಸಿತ್ತು.

ಗಡಿ ವಿಷಯದಲ್ಲಿ ಪೋಲೆಂಡ್ ಹೊರಗೆ; ಅದರ ಸ್ವಾತಂತ್ರ್ಯವನ್ನು 1917ರ ಮಾರ್ಚ್ 30ರಂದೇ ಒಪ್ಪಿಕೊಂಡಾಗಿತ್ತು. ಉಕ್ರೇನಿನ ಸ್ವಾಯತ್ತತೆಯ ಮಾತಿಗೇ ಜುಲೈನಲ್ಲಿ ಕಡೆಟ್ ಮಂತ್ರಿಗಳು ರಾಜೀನಾಮೆ ಕೊಟ್ಟರು. ಅದನ್ನು ನಿಮ್ಮ ಮೊದಲ ಸಂಪುಟ ಬಿಕ್ಕಟ್ಟಾಗಿ ಬಳಸಿ.

ಪಂಚವಾರ್ಷಿಕ ಯೋಜನೆ ಇಲ್ಲದೆ ಹಿಟ್ಲರನನ್ನು ತಡೆಯುತ್ತಿದ್ದವರು ಯಾರು? (ಕಲಬುರಗಿ)

ಮೊದಲು ಹಿಟ್ಲರ್ ಬರುತ್ತಿದ್ದನೇ ಎಂದು ಕೇಳಿ. 1932ರ ನವೆಂಬರಿನ ಜರ್ಮನ್ ಚುನಾವಣೆಯಲ್ಲಿ ನಾಜಿಗಳಿಗೆ ಶೇ 33.1, ಸೋಷಿಯಲ್ ಡೆಮೊಕ್ರಾಟರು ಶೇ 20.4, ಕಮ್ಯುನಿಸ್ಟರು ಶೇ 16.9. ಜಗತ್ತಿನ ಕಮ್ಯುನಿಸ್ಟ್ ಪಕ್ಷಗಳನ್ನು ನಡೆಸುತ್ತಿದ್ದ ಮಾಸ್ಕೋದ ಕೊಮಿಂಟರ್ನ್ ಇಲ್ಲದೆ ಕಾರ್ಮಿಕರ ಮತ ಹೀಗೆ ಎರಡು ಹೋಳಾಗಿ ಕಾದಾಡುತ್ತಿರಲಿಲ್ಲ. ಆದರೆ 1929ರ ಆರ್ಥಿಕ ಕುಸಿತ, ವರ್ಸೈಲ್ಸಿನ ಸಿಟ್ಟು ಇದ್ದೇ ಇರುತ್ತಿದ್ದವು. ಇನ್ನೊಬ್ಬ ಸೇಡಿನ ನಾಯಕ ಬರುವುದು ಅಸಂಭವವಲ್ಲ. ಅವನೆದುರು ನಿಲ್ಲುವ ರಷ್ಯಾ ಕಡಿಮೆ ಉಕ್ಕಿನ, ಹೆಚ್ಚು ಜನರ ದೇಶ. ಎಲ್ಲ ಕೈಗಾರಿಕೆಯೂ ಸ್ಟಾಲಿನ್ ಕೊಡುಗೆಯೇನಲ್ಲ. 1926ರಲ್ಲಿ ಶುರುವಾದ ವೋಲ್ಖೋವ್ ಜಲವಿದ್ಯುತ್ ಕೇಂದ್ರದ ನಕ್ಷೆಯನ್ನು ಎಂಜಿನಿಯರ್ ಗ್ರಾಫ್ತಿಯೊ ತ್ಸಾರನ ಕಾಲದಲ್ಲೇ ಹಾಕಿದ್ದರು.

ನಮ್ಮ ಕಡೆಗೆ ಏನು ಬದಲಾಗುತ್ತಿತ್ತು? (ತುಮಕೂರು)

1920ರ ತಾಷ್ಕೆಂಟಿನಲ್ಲಿ ಭಾರತೀಯ ಕಮ್ಯುನಿಸ್ಟ್ ಪಕ್ಷ ಹುಟ್ಟುತ್ತಿರಲಿಲ್ಲ, ಕಮ್ಯುನಿಸ್ಟರ ಮೇಲಿನ 1929ರ ಮೀರತ್ ಮೊಕದ್ದಮೆ ಇರುತ್ತಿರಲಿಲ್ಲ, ಭಿಲಾಯಿ ಉಕ್ಕಿನ ಕಾರ್ಖಾನೆಗೆ ಬೇರೆ ದೇಶದ ಎಂಜಿನಿಯರುಗಳು ಬರುತ್ತಿದ್ದರು. ಮಾಸ್ಕೋದಲ್ಲಿ ಅಚ್ಚಾಗಿ ನಾಲ್ಕು ಕಾಸಿಗೆ ಸಿಗುತ್ತಿದ್ದ ದಪ್ಪರಟ್ಟಿನ ಕನ್ನಡ ಪುಸ್ತಕಗಳೂ ಇಲ್ಲ. ಯೋಜನೆಯ ಹುಚ್ಚು ಮಾತ್ರ ಹೇಗೂ ಬರುತ್ತಿತ್ತು: ವಿಶ್ವೇಶ್ವರಯ್ಯನವರ ಮೈಸೂರು ಆರ್ಥಿಕ ಸಮ್ಮೇಳನ 1911ರದು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದ್ದ ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಬಹುಶಃ ಪೆತ್ರೋಗ್ರಾದಿನಲ್ಲೇ ಚಿತ್ರ ಬರೆಯುತ್ತಿದ್ದರು. ತಂದೆಯ ಅನಾರೋಗ್ಯಕ್ಕೆಂದು ಆ ಕುಟುಂಬ ಫಿನ್ಲೆಂಡಿಗೆ ಹೋಗಿತ್ತು, ಕ್ರಾಂತಿಯ ನಂತರ ಗಡಿ ಮುಚ್ಚಿತು.

ಆಟದಲ್ಲಿ ರೈಲು ಸಾಗಾಟಕ್ಕೆ ನಿಯಮ ಹೇಳಿ. (ಮೇಲಿನ ಬೆಂಗಳೂರಿನವರೇ)

ರಷ್ಯದ ಹಳಿ 1524 ಮಿ.ಮೀ., ಯೂರೋಪಿನದು 1435. ಗಡಿ ದಾಟುವ ಸರಕಿಗೆ ಒಂದು ಸರದಿ ದಂಡ ಹಾಕಿ. ಕೊರತೆ ಹಳಿಯದಲ್ಲ, ಎಂಜಿನ್ನಿನದು. ದುರಸ್ತಿ ಕಾರ್ಖಾನೆಗೆ ಕಬ್ಬಿಣ, ಕಲ್ಲಿದ್ದಲು ಇಲ್ಲದೆ ನಿಂತ ಎಂಜಿನ್ ಪ್ರತಿ ಚಳಿಗಾಲ ಹೆಚ್ಚುತ್ತಿತ್ತು. ದೊನ್ಬಾಸ್ ಕಲ್ಲಿದ್ದಲು ಗಣಿ ಕೈತಪ್ಪಿದ ಪಕ್ಷಕ್ಕೆ ಸಾಗಾಟ ಅರ್ಧಕ್ಕಿಳಿಸಿ, ಸೌದೆ ಉರಿಸಿ ಓಡಿಸಲಿ. ರೈಲು ನೌಕರರ ಸಂಘ ವಿಕ್ಜೆಲ್‌ಗೆ ಪ್ರತ್ಯೇಕ ಚೀಟಿ ಇರಲಿ. ಕೊರ್ನಿಲೋವ್ ಪಡೆಯ ಗಾಡಿಗಳನ್ನು ನಿಲ್ಲಿಸಿದವರೂ, ನವೆಂಬರಿನಲ್ಲಿ ಎಲ್ಲ ಸಮಾಜವಾದಿಗಳ ಸಂಯುಕ್ತ ಸರ್ಕಾರ ಮಾಡದಿದ್ದರೆ ಮುಷ್ಕರ ಎಂದು ಬೆದರಿಸಿದವರೂ ಇವರೇ. ರಷ್ಯಾ ಅಮೆರಿಕಕ್ಕೆ ಆರ್ಡರ್ ಕೊಟ್ಟಿದ್ದ 'ಡೆಕಾಪಾಡ್' ಎಂಜಿನ್ನುಗಳಲ್ಲಿ ಸುಮಾರು 200 ಕ್ರಾಂತಿಯಿಂದಾಗಿ ಅಲ್ಲೇ ಉಳಿದವು, ಚಕ್ರಕ್ಕೆ ಅಗಲದ ಪಟ್ಟಿ ಹಾಕಿ ಅಮೆರಿಕದ ಹಳಿಗಳಲ್ಲೇ ಓಡಿಸಿದರು. ನಿಮ್ಮ ಆಟದಲ್ಲಿ ಸರ್ಕಾರ ಉಳಿದರೆ ಅವನ್ನು 1918ರ ವಸಂತದಲ್ಲಿ ವ್ಲಾದಿವೊಸ್ತೋಕಿನಲ್ಲಿ ಇಳಿಸಿ. ಅಲ್ಲಿಂದ ಮಾಸ್ಕೋಗೆ 9 ಸಾವಿರ ಕಿ.ಮೀ.ಗೂ ಹೆಚ್ಚು, ಕನಿಷ್ಠ ಎರಡು ಸರದಿ ಹಿಡಿಯಲಿ.